ಊರು ಬೇರೆಯಾದರೆ ಚಿಕಿತ್ಸೆಯೂ ಬೇರೆಯೇ?

ಒಂದೇ ರೋಗ, ಒಂದೇ ಹಂತ, ಹೆಚ್ಚು ಕಡಿಮೆ ಒಂದೇ ವಯಸ್ಸು. ಆದರೂ ಒಬ್ಬಾಕೆ ತನ್ನ ಸ್ತನವನ್ನು ಉಳಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಇನ್ನೊಬ್ಬಾಕೆ ಕಳೆದುಕೊಂಡು ಬರುತ್ತಾಳೆ. ಇಬ್ಬರ ನಡುವೆ ಇರುವ ವ್ಯತ್ಯಾಸ ಅವರು ವಾಸಿಸುವ ಊರಿನದು ಮಾತ್ರ. ಇದನ್ನು ಹಣೆಬರಹವೆಂದು ಸುಮ್ಮನಾಗಬೇಕೇ, ಅಥವಾ ಅನ್ಯಾಯವೆಂದು ಕರೆಯಬೇಕೇ? ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ಸಂಘದ ಪತ್ರಿಕೆಯ ಓದುಗರ ಮುಂದಿಡಲು ಸಂಕೋಚವಾಗದೆ ಇಲ್ಲ. ಸ್ತನದ ಕಾಯಿಲೆಯ ಮಾತನ್ನು ನಾವು ಮನೆಯ ನಡುಕೋಣೆಯಲ್ಲಿ ಆಡುವವರಲ್ಲ. ಹೆಂಗಸರು ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತಾರೆ, ಗಂಡಸರು ಆಸ್ಪತ್ರೆಯ ಬಿಲ್ಲಿನ ಮಾತಾಡುತ್ತಾರೆ. ಆ ಸಂಕೋಚವೂ ಈ ಪ್ರಶ್ನೆಯ ಒಂದು ಭಾಗವೇ ಆದ್ದರಿಂದ ಅದನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಮೊದಲು ಆ ಇಬ್ಬರ ವಿಷಯ. ಒಬ್ಬರು ಇಲ್ಲಿ ಪೋರೂರಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಕನ್ನಡದ ಗೃಹಿಣಿ. ಇನ್ನೊಬ್ಬಳು ನನ್ನ ಸ್ವಂತ ಅಕ್ಕ, ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿರುವವಳು. ಅಕ್ಕನಿಗೆ ಮೊದಲು ಆಪರೇಷನ್ ಆಯಿತು. ಊರ ಕಡೆಯ ಒಂದು ಆಸ್ಪತ್ರೆಯಲ್ಲಿ ಇಡೀ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ರಜಾ ಹಾಕಿ ಹೋಗಿದ್ದ ನಾನು ಜೀವ ಉಳಿಯಿತೆಂದು ದೇವರಿಗೆ ಕೈಮುಗಿದು ಬಂದೆ. ಒಂದೂವರೆ ವರ್ಷದ ಮೇಲೆ ಪಕ್ಕದ ಮನೆಯವರಿಗೆ ಅದೇ ಕಾಯಿಲೆ ಎಂದು ತಿಳಿಯಿತು. ನನ್ನ ಹೆಂಡತಿ ಅವರ ಜೊತೆಗೆ ಆಸ್ಪತ್ರೆಗೆ ಹೋಗಿದ್ದಳು. ಸಂಜೆ ಬಂದವಳು, "ಡಾಕ್ಟರು ಎರಡು ದಾರಿ ಇದೆ ಎಂದರು. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು ಆಮೇಲೆ ಕರೆಂಟು ಕೊಡುವುದು ಒಂದು. ಪೂರ್ತಿ ತೆಗೆಯುವುದು ಇನ್ನೊಂದು. ಆಯಸ್ಸಿನ ಮಟ್ಟಿಗೆ ಎರಡೂ ಸಮ, ಯೋಚಿಸಿ ಹೇಳಿ ಎಂದರು" ಎಂದಳು. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಅಕ್ಕನಿಗೆ ಯಾರೂ ಎರಡು ದಾರಿಯ ಮಾತು ಹೇಳಿರಲಿಲ್ಲ. ಅಕ್ಕನ ಕಾಗದಪತ್ರಗಳನ್ನು ಇಲ್ಲಿ ತಿಳಿದವರಿಗೆ ತೋರಿಸಿದಾಗ ಅವಳಿಗೂ ಎರಡನೆಯ ದಾರಿ ಇದ್ದಿರಬಹುದೆಂದರು.

ಈ ಎರಡು ದಾರಿಗಳು ಹೇಗೆ ಬಂದವೆಂಬುದನ್ನು ಸ್ವಲ್ಪ ನೋಡಬೇಕು. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಶಸ್ತ್ರಕ್ರಿಯೆಯ ವಿವರವನ್ನು ಪ್ರಕಟಿಸಿದ. ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆದುಹಾಕುವುದು ಅವನ ಪದ್ಧತಿ. ಕ್ಯಾನ್ಸರು ಹುಟ್ಟಿದ ಜಾಗದಿಂದ ಅಂಚಿಗೆ, ಅಂಚಿನಿಂದ ಗ್ರಂಥಿಗೆ ಹೀಗೆ ಕ್ರಮವಾಗಿ ಹರಡುತ್ತದೆ. ಆದ್ದರಿಂದ ಹೆಚ್ಚು ಅಗಲವಾಗಿ ಕತ್ತರಿಸಿದಷ್ಟೂ ಕ್ಷೇಮ ಎಂಬುದು ಅವನ ತರ್ಕ. ಮುಕ್ಕಾಲು ಶತಮಾನ ಕಾಲ ಜಗತ್ತಿನ ಬಹುಪಾಲು ವೈದ್ಯರು ಇದನ್ನೇ ನಂಬಿದರು. ಹೆಂಗಸರು ಎದೆ ಬರಿದಾಗಿ, ಕೈ ಊದಿಕೊಂಡು ಬದುಕಿದರು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಇಬ್ಬರ ಹೆಸರು ಮುಖ್ಯ: ಅಮೆರಿಕದ ಬರ್ನಾರ್ಡ್ ಫಿಷರ್, ಇಟಲಿಯ ಉಂಬರ್ಟೊ ವೆರೊನೇಸಿ. ವೆರೊನೇಸಿ ಮಿಲಾನ್ ನಗರದಲ್ಲಿ 1973ರಿಂದ 1980ರವರೆಗೆ ಚಿಕ್ಕ ಗಂಟುಗಳಿದ್ದ 701 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಾಲ್‌ಸ್ಟೆಡ್ ಪದ್ಧತಿಯನ್ನೂ ಇನ್ನೊಂದಕ್ಕೆ ಸ್ತನದ ಒಂದು ಭಾಗವನ್ನಷ್ಟೇ ತೆಗೆದು ವಿಕಿರಣ ಕೊಡುವ ಪದ್ಧತಿಯನ್ನೂ ಅನುಸರಿಸಿದರು. ಫಿಷರ್ 1976ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 1,800ಕ್ಕೂ ಹೆಚ್ಚು ಹೆಂಗಸರಿದ್ದರು. ಎರಡೂ ಪ್ರಯೋಗಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ತನ ಉಳಿಸಿಕೊಂಡವರೂ ಕಳೆದುಕೊಂಡವರೂ ಬದುಕಿದ ಪ್ರಮಾಣ ಒಂದೇ ಆಗಿತ್ತು. ಆದರೆ ಒಂದು ಷರತ್ತು: ಸ್ತನ ಉಳಿಸಿದರೆ ವಿಕಿರಣ ಬೇಕೇ ಬೇಕು. ಫಿಷರ್ ಅವರ ಪ್ರಯೋಗದಲ್ಲಿ ವಿಕಿರಣ ಪಡೆದವರಲ್ಲಿ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ 14 ಮಂದಿಗೆ. ಪಡೆಯದವರಲ್ಲಿ 39 ಮಂದಿಗೆ.

ವಿಜ್ಞಾನ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಎಲ್ಲ ಕಡೆಯೂ ಒಂದೇ ರೀತಿ ನಡೆಯಬೇಕಿತ್ತಲ್ಲವೇ? ಹಾಗಾಗಲಿಲ್ಲ. ಅಮೆರಿಕದಲ್ಲಿ 1986ರಲ್ಲಿ ಸರ್ಕಾರದ ಆರೋಗ್ಯ ವಿಮೆಯಡಿ ಚಿಕಿತ್ಸೆ ಪಡೆದ ವಯಸ್ಸಾದ ಹೆಂಗಸರ ಲೆಕ್ಕವನ್ನು ತೆಗೆದು ನೋಡಿದರು. ಅದು 1992ರಲ್ಲಿ ಪ್ರಕಟವಾಯಿತು. ಸ್ತನ ಉಳಿಸುವ ಶಸ್ತ್ರಕ್ರಿಯೆ ಒಂದು ರಾಜ್ಯದಲ್ಲಿ ನೂರಕ್ಕೆ 3.5, ಇನ್ನೊಂದು ರಾಜ್ಯದಲ್ಲಿ 21.2. ಒಂದೇ ದೇಶ, ಒಂದೇ ವಿಮೆ, ಒಂದೇ ಪಠ್ಯಪುಸ್ತಕ ಓದಿದ ವೈದ್ಯರು; ಆದರೂ ಆರು ಪಾಲಿನ ಅಂತರ. ಈಶಾನ್ಯದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದ ರಾಜ್ಯಗಳಲ್ಲಿ ಕಡಿಮೆ.

ಇದಕ್ಕಿಂತ ಮೊದಲೇ ಜಾನ್ ವೆನ್‌ಬರ್ಗ್ ಎಂಬ ವೈದ್ಯರು ವರ್ಮಾಂಟ್ ರಾಜ್ಯದಲ್ಲಿ ಇಂಥ ಒಂದು ವಿಚಿತ್ರವನ್ನು ಕಂಡಿದ್ದರು. ಮಕ್ಕಳ ಗಂಟಲಿನ ಟಾನ್ಸಿಲ್ ತೆಗೆಸುವ ಲೆಕ್ಕ ಅದು. ಸ್ಟೋ ಎಂಬ ಊರಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಬೆಳೆಯುವುದರೊಳಗೆ ಟಾನ್ಸಿಲ್ ಕಳೆದುಕೊಳ್ಳುತ್ತಿದ್ದರು. ಪಕ್ಕದ ವಾಟರ್‌ಬರಿಯಲ್ಲಿ ಸುಮಾರು 20 ಮಂದಿ ಮಾತ್ರ. ಗಂಟಲುಗಳೇನೂ ಬೇರೆಯಾಗಿರಲಿಲ್ಲ. ಬೇರೆಯಾಗಿದ್ದುದು ವೈದ್ಯರ ರೂಢಿ. ಗುರು ಕಲಿಸಿದ್ದು, ನೆರೆಯ ವೈದ್ಯ ಮಾಡುತ್ತಿರುವುದು, ಜನ ನಿರೀಕ್ಷಿಸುವುದು ಇವೆಲ್ಲ ಸೇರಿ ಒಂದೊಂದು ಊರಿಗೆ ಒಂದೊಂದು ಸಂಪ್ರದಾಯ ಬೆಳೆದಿತ್ತು. ನಮ್ಮಲ್ಲಿ ಮದುವೆಯ ಶಾಸ್ತ್ರ ಸೀಮೆಯಿಂದ ಸೀಮೆಗೆ ಬದಲಾಗುವ ಹಾಗೆ. ಆದರೆ ಮದುವೆಯಲ್ಲಿ ಶಾಸ್ತ್ರ ಬದಲಾದರೆ ಯಾರ ಅಂಗವೂ ಹೋಗುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದರ ಅಂದಾಜು. ನಮ್ಮಲ್ಲಿ ಅನೇಕರು ಗಂಟು ದೊಡ್ಡದಾಗಿ, ಚರ್ಮಕ್ಕೋ ಕಂಕುಳಿಗೋ ಹಬ್ಬಿದ ಮೇಲೆ ವೈದ್ಯರ ಬಳಿಗೆ ಬರುತ್ತಾರೆ. ಅಂಥವರಲ್ಲಿ ಮೊದಲು ಔಷಧಿ ಕೊಟ್ಟು ಗಂಟನ್ನು ಕುಗ್ಗಿಸಿ ಕೆಲವರ ಸ್ತನ ಉಳಿಸಬಹುದಾದರೂ ಬಹಳ ಮಂದಿಗೆ ಪೂರ್ತಿ ತೆಗೆಯುವುದೇ ಸರಿಯಾದ ಚಿಕಿತ್ಸೆ. ಇದು ರೋಗದಿಂದಲೇ ಹುಟ್ಟಿದ ವ್ಯತ್ಯಾಸ. ಇದಕ್ಕಾಗಿ ಶಸ್ತ್ರವೈದ್ಯರನ್ನು ದೂರುವಂತಿಲ್ಲ.

ಆದರೆ ರೋಗ ಬೇಗ ಪತ್ತೆಯಾದವರ ಪಾಡೇನು? ಅಲ್ಲಿ ದೂರ ಎಂಬುದು ಮಾತಾಡತೊಡಗುತ್ತದೆ. ಜನ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ಒಂದೇ ದಿನದಲ್ಲಿ ಮುಗಿಯುವುದಲ್ಲ. ವಾರಕ್ಕೆ ಐದು ದಿನದಂತೆ ಹಿಂದೆ ಐದಾರು ವಾರ ಬೇಕಾಗುತ್ತಿತ್ತು. ಈಗ ಅನೇಕ ಕಡೆ ಮೂರು ವಾರಕ್ಕೆ ಇಳಿದಿದೆ. ಒಂದೊಂದು ದಿನದ ಚಿಕಿತ್ಸೆ ಕೆಲವೇ ನಿಮಿಷದ್ದು. ಆದರೆ ಆ ಕೆಲವು ನಿಮಿಷಕ್ಕಾಗಿ ಯಂತ್ರವಿರುವ ಊರಿನಲ್ಲಿ ಇಷ್ಟು ದಿನವೂ ತಂಗಬೇಕು. ಯಂತ್ರಗಳು ದೊಡ್ಡ ಊರುಗಳಲ್ಲಿವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ. ಕಲಬುರಗಿಯಲ್ಲಿ ಅದರ ಒಂದು ಶಾಖೆಯಿದೆ. ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳಲ್ಲಿ ಅನುಕೂಲವುಂಟು. ಆದರೆ ಇವುಗಳ ನಡುವಿನ ನೂರಾರು ಹಳ್ಳಿಗಳ ಹೆಂಗಸರಿಗೆ ಯಂತ್ರವೆಂದರೆ ಒಂದು ಹಗಲಿನ ಪ್ರಯಾಣ.

ಚೆನ್ನೈನಲ್ಲಿರುವ ನಮಗೆ ಈ ಕಷ್ಟದ ಅರಿವು ಕಡಿಮೆ. ಇಲ್ಲಿ 1934ರಲ್ಲೇ ಬರ್ನಾರ್ಡ್ ವಿಕಿರಣ ಸಂಸ್ಥೆ ತೆರೆಯಿತು. ತನ್ನ ತಂಗಿಯನ್ನು 1923ರಲ್ಲಿ ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮೂರು ದಶಕ ಛಲ ಬಿಡದೆ ದುಡಿದು 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ತೆರೆದರು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯನ್ನೇ ಬದುಕಾಗಿಸಿಕೊಂಡಿದ್ದರು. ನಮ್ಮ ಪೋರೂರಿನಲ್ಲಿಯೇ 1985ರಿಂದ ಶ್ರೀ ರಾಮಚಂದ್ರ ವೈದ್ಯಕೀಯ ಕಾಲೇಜು ಇದೆ. ನಮ್ಮ ನೆರೆಮನೆಯವರು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಹನ್ನೊಂದಕ್ಕೆ ಚಿಕಿತ್ಸೆಗೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಅದೇ ಚಿಕಿತ್ಸೆಗೆ ಅಕ್ಕ ಮನೆ, ಎಮ್ಮೆ, ಹೊಲ ಎಲ್ಲ ಬಿಟ್ಟು ವಾರಗಟ್ಟಲೆ ಪರಊರಿನಲ್ಲಿ ಕೂರಬೇಕಿತ್ತು. ಸರ್ಕಾರಗಳು ಈ ಅಂತರ ತುಂಬಲು ಯತ್ನಿಸಿಲ್ಲವೆಂದಲ್ಲ. ಕರ್ನಾಟಕದಲ್ಲಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು, 2018ರಲ್ಲಿ ಆಯುಷ್ಮಾನ್ ಭಾರತ ಬಂತು. ಅವು ಆಸ್ಪತ್ರೆಯ ಖರ್ಚಿಗೆ ಆಸರೆಯಾದವು. ಆದರೆ ಎಮ್ಮೆ ಕರೆಯುವವರು ಯಾರು ಎಂಬ ಪ್ರಶ್ನೆಗೆ ಯಾವ ಯೋಜನೆಯಲ್ಲೂ ಉತ್ತರವಿಲ್ಲ.

ಇಷ್ಟು ಹೇಳಿ, ಆದ್ದರಿಂದ ಎಲ್ಲ ಊರುಗಳಲ್ಲೂ ಸ್ತನ ಉಳಿಸುವ ಪ್ರಮಾಣ ಒಂದೇ ಆಗಬೇಕು ಎಂದು ಮುಗಿಸಿಬಿಡುವುದು ಸುಲಭ. ಅಂಕಿ ಸಮವಾದರೆ ನ್ಯಾಯ ಸಮವಾಯಿತು ಎಂದು ಕಚೇರಿಯಲ್ಲಿ ನಾವು ಬಹಳ ಸಲ ತಿಳಿಯುತ್ತೇವೆ. ಆದರೆ ಸ್ವಲ್ಪ ಯೋಚಿಸಿದರೆ ಇದು ಸರಿಯಲ್ಲವೆಂದು ತೋರುತ್ತದೆ. ಎರಡು ದಾರಿಯೂ ತಿಳಿದು, ಎರಡೂ ಕೈಗೆಟಕುವಂತಿದ್ದು, ಆಮೇಲೆಯೂ ಒಬ್ಬ ಹೆಂಗಸು "ಪೂರ್ತಿ ತೆಗೆದುಬಿಡಿ, ಮತ್ತೆ ಬರುತ್ತದೋ ಏನೋ ಎಂಬ ಭಯದಲ್ಲಿ ನಾನು ಬದುಕಲಾರೆ" ಎಂದರೆ ಅದು ಅವಳ ಇಚ್ಛೆ. ಒಂದು ಸೀಮೆಯಲ್ಲಿ ಇಂಥವರೇ ಹೆಚ್ಚಿದ್ದರೆ ಅಲ್ಲಿಯ ಅಂಕಿ ಬೇರೆಯಾಗಬೇಕು. ಒಂದೇ ಆಗಿಸಲು ಹೊರಟರೆ ಅದೇ ದಬ್ಬಾಳಿಕೆ. ಆದ್ದರಿಂದ ವ್ಯತ್ಯಾಸವನ್ನು ಕಂಡ ಕೂಡಲೇ ಅನ್ಯಾಯವೆನ್ನದೆ ಅದು ಎಲ್ಲಿಂದ ಹುಟ್ಟಿತೆಂದು ಕೇಳಬೇಕು. ರೋಗದಿಂದ ಹುಟ್ಟಿದ್ದರೆ ಅದು ಪ್ರಕೃತಿ. ರೋಗಿಯ ಇಚ್ಛೆಯಿಂದ ಹುಟ್ಟಿದ್ದರೆ ಅದು ಸ್ವಾತಂತ್ರ್ಯ. ವೈದ್ಯರ ರೂಢಿಯಿಂದ ಹುಟ್ಟಿದ್ದರೆ ಅದು ಅಜಾಗ್ರತೆ. ದೂರದಿಂದ, ಬಡತನದಿಂದ ಹುಟ್ಟಿದ್ದರೆ ಅದು ನಾವೆಲ್ಲರೂ ಹೊರಬೇಕಾದ ಸಾಲ.

ಇಲ್ಲಿ ಊರ ಕಡೆಯ ವೈದ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ವಿಕಿರಣಕ್ಕೆ ಹೋಗಲಾರದ ಹೆಂಗಸಿನ ಗಂಟನ್ನಷ್ಟೇ ತೆಗೆದು ಕಳಿಸಿದರೆ ನೂರಕ್ಕೆ 39ರ ಲೆಕ್ಕ ಎದುರಿಗೆ ನಿಲ್ಲುತ್ತದೆ. ಅಂಥ ಕಡೆ ಪೂರ್ತಿ ತೆಗೆಯುವುದೇ ವಿವೇಕವೆಂದು ಆತ ತೀರ್ಮಾನಿಸಿದರೆ ಆ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಆದರೆ ಆ ತೀರ್ಮಾನವನ್ನು ಅವಳ ಮುಂದೆ ಹೇಳಿ ಮಾಡುವುದಕ್ಕೂ ಅವಳ ಬೆನ್ನ ಹಿಂದೆ ಮಾಡುವುದಕ್ಕೂ ಅಂತರವುಂಟು. "ಇನ್ನೊಂದು ದಾರಿ ಇದೆ, ಆದರೆ ಅದು ದೂರದ ಊರಿನಲ್ಲಿದೆ, ಇಷ್ಟು ದಿನ ಇರಬೇಕಾಗುತ್ತದೆ" ಎಂಬ ಎರಡು ವಾಕ್ಯ ಹೇಳಲು ಯಾವ ಯಂತ್ರವೂ ಬೇಡ. ನಮ್ಮ ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಕೊಟ್ಟ ಒಂದು ತೀರ್ಪಿನಲ್ಲಿ, ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಅಪಾಯಗಳ ಜೊತೆಗೆ ಬೇರೆ ದಾರಿಗಳಿದ್ದರೆ ಅವನ್ನೂ ತಿಳಿಸಿರಬೇಕೆಂದು ಹೇಳಿದೆ. ಆ ಮೊಕದ್ದಮೆಯಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆದಿದ್ದರು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದಿತು ನ್ಯಾಯಾಲಯ.

ಈ ತೀರ್ಪಿನ ವಿಷಯ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆಂದರೆ ಅಕ್ಕನ ವಿಷಯದಲ್ಲಿ ತಪ್ಪಿದವನು ವೈದ್ಯನೊಬ್ಬನೇ ಅಲ್ಲ. ಅಂದು ನಡೆದದ್ದು ಹೀಗೆ. "ಮನೆಯವರು ಯಾರು? ಓದಿದವರು ಯಾರಿದ್ದಾರೆ?" ಎಂದು ಒಳಗೆ ಕರೆದರು. ಭಾವನವರು ನನ್ನ ಮುಖ ನೋಡಿದರು. ನಾನು ಬಿ.ಎಸ್ಸಿ. ಓದಿದವನು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ, ಮದ್ರಾಸಿನಲ್ಲಿರುವವನು. ಒಳಗೆ ಹೋದೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ತೆಗೆಯಬೇಕು ಎಂದರು, ಸರಿ ಎಂದೆ. ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಒಪ್ಪಿಗೆ ಪತ್ರ ಕೊಟ್ಟರು. ಕಚೇರಿಯಲ್ಲಿ ದಿನಕ್ಕೆ ಇಪ್ಪತ್ತು ಕಾಗದ ಓದಿ, ಎಲ್ಲಿ ಏನು ಬಿಟ್ಟುಹೋಗಿದೆಯೆಂದು ಷರಾ ಬರೆದು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಅಂದು ಆ ಒಂದು ಕಾಗದವನ್ನು ನಾನು ಪೂರ್ತಿ ಓದಲಿಲ್ಲ. ಹೊರಗೆ ತಂದು, "ಇಲ್ಲಿ ಸಹಿ ಹಾಕಕ್ಕ" ಎಂದು ಬೆರಳು ತೋರಿಸಿದೆ. ಹಾಕಿದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಕಡತದ ಪ್ರಕಾರ ಎಲ್ಲವೂ ಕ್ರಮಬದ್ಧ; ಅಕ್ಕನ ಸಹಿ ಇದೆ, ಒಪ್ಪಿಗೆ ಇದೆ. ಅವಳನ್ನು ಯಾರೂ ಕೇಳಿರಲಿಲ್ಲ ಎಂಬುದು ಕಡತದಲ್ಲಿಲ್ಲ.

ನಾನೇಕೆ ಕೇಳಲಿಲ್ಲ? ಪ್ರಾಮಾಣಿಕವಾಗಿ ಹೇಳುತ್ತೇನೆ. ಅವಳಿಗೆ ಐವತ್ತು ದಾಟಿತ್ತು. ಮಕ್ಕಳು ದೊಡ್ಡವರಾಗಿದ್ದಾರೆ, ಇನ್ನು ಅವಳಿಗೆ ಅದರಿಂದ ಏನಾಗಬೇಕು ಎಂಬ ಮಾತು ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೇ. ಈ ಮಾತನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವವರೂ ಇದ್ದಾರೆ. ಇದು ಎಂಥ ತರ್ಕವೆಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅರವತ್ತಾದ ಗಂಡಸಿನ ಕೈಬೆರಳನ್ನು, ನಿವೃತ್ತನಾದೆಯಲ್ಲ, ಇನ್ನು ಬರೆಯುವುದೇನಿದೆ ಎಂದು ಯಾರಾದರೂ ತೆಗೆಯುತ್ತಾರೆಯೇ? ದೇಹದ ಭಾಗಗಳನ್ನು ಇತರರಿಗೆ ಆಗುವ ಉಪಯೋಗದಿಂದ ಅಳೆಯುವುದನ್ನು ನಾವು ಹೆಂಗಸರ ವಿಷಯದಲ್ಲಿ ಮಾತ್ರ ಮಾಡುತ್ತೇವೆ. ಜೀವ ಉಳಿದರೆ ಸಾಕಲ್ಲ ಎಂಬ ಮಾತು ಎಷ್ಟೋ ಕಡೆ ನಿಜ. ಆದರೆ ಎರಡು ದಾರಿಯಲ್ಲೂ ಜೀವ ಒಂದೇ ಪ್ರಮಾಣದಲ್ಲಿ ಉಳಿಯುವಾಗ ಆ ಮಾತು ಉತ್ತರವಾಗುವುದಿಲ್ಲ. ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ ಅಷ್ಟೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಹಿತ್ತಲಿನಲ್ಲಿ ಅಕ್ಕನೊಬ್ಬಳೇ ಇದ್ದ ಹೊತ್ತು ನೋಡಿ ಎಲ್ಲವನ್ನೂ ಹೇಳಿದೆ. ಇನ್ನೊಂದು ದಾರಿ ಇತ್ತು, ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ, "ಕೇಳಿದ್ದರೂ ತೆಗೆದುಬಿಡಿ ಅಂತಲೇ ಹೇಳ್ತಿದ್ದೆನೋ ಏನೋ. ವಾರಗಟ್ಟಲೆ ಊರು ಬಿಟ್ಟು ಕೂತಿದ್ದರೆ ಈ ಮನೆ ನಡೀತಿತ್ತಾ?" ಎಂದಳು. ನನಗೆ ಎದೆಯ ಭಾರ ಇಳಿದಂತಾಯಿತು. ಅಷ್ಟರಲ್ಲಿ ತಲೆಯೆತ್ತಿ, "ಆದರೂ ಕೇಳಬೇಕಾಗಿತ್ತು ಕಣೋ. ನನ್ನದಲ್ವಾ?" ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಒಳಗೆ ಹೋಗಿ ನನಗೆ ರೊಟ್ಟಿ ತಟ್ಟಿದಳು.

ನೀತಿಯ ಪ್ರಶ್ನೆ ಇಷ್ಟರಲ್ಲೇ ಇದೆಯೆಂದು ನನಗೆ ತೋರುತ್ತದೆ. ಕೇಳಿದ್ದರೆ ಉತ್ತರ ಅದೇ ಬರುತ್ತಿತ್ತು ಎಂಬುದು ಕೇಳದಿರುವುದಕ್ಕೆ ಸಮರ್ಥನೆಯಾಗದು. ಅದೇ ಶಸ್ತ್ರಕ್ರಿಯೆ, ಅದೇ ಗಾಯ. ಆದರೂ ತಾನೇ ಕೊಟ್ಟದ್ದು ಬೇರೆ, ತನ್ನಿಂದ ತೆಗೆದುಕೊಂಡದ್ದು ಬೇರೆ. ಊರಿಂದ ಊರಿಗೆ ಚಿಕಿತ್ಸೆ ಬೇರೆಯಾದರೆ ಆಗಲಿ. ಕೇಳುವುದು ಮಾತ್ರ ಎಲ್ಲ ಊರಿನಲ್ಲೂ ಒಂದೇ ಆಗಿರಬೇಕು. ಹಾಗೆಂದು ಕೇಳಿದ ಮಾತ್ರಕ್ಕೆ ಮುಗಿಯಿತೆಂದೂ ಅಲ್ಲ. ಬಸ್ಸಿನ ಖರ್ಚಿಲ್ಲದ, ತಂಗಲು ಜಾಗವಿಲ್ಲದ ಹೆಂಗಸನ್ನು "ನಿನಗೆ ಯಾವುದು ಬೇಕಮ್ಮಾ?" ಎಂದು ಕೇಳುವುದು ಎಲೆಯ ಮೇಲೆ ಒಂದೇ ಪಲ್ಯ ಬಡಿಸಿ ಯಾವುದು ರುಚಿ ಎಂದು ಕೇಳಿದ ಹಾಗೆ. ಅಕ್ಕನ ಉತ್ತರದಲ್ಲಿ ಅವಳ ಇಚ್ಛೆ ಎಷ್ಟು, ಎಮ್ಮೆಯ ಚಿಂತೆ ಎಷ್ಟು ಎಂದು ನಾನು ಇಂದಿಗೂ ಬಿಡಿಸಿ ಹೇಳಲಾರೆ.

ಓದುಗ ಬಂಧುಗಳೇ, ಊರು ಬಿಟ್ಟು ಬಂದ ನಮಗೆ ಇದರಲ್ಲಿ ಎರಡು ಕರ್ತವ್ಯಗಳಿವೆ. ಊರಿನಿಂದ ಚಿಕಿತ್ಸೆಗೆಂದು ಬರುವ ಬಂಧುಗಳು ಮೊದಲು ಇಳಿಯುವುದು ನಮ್ಮ ಮನೆಗಳಲ್ಲಿ. ಅವರಿಗೆ ತಮಿಳು ಬಾರದು, ಇಂಗ್ಲಿಷ್ ಬಾರದು; ವೈದ್ಯರಿಗೂ ಅವರಿಗೂ ನಡುವೆ ನಾವೇ ದುಭಾಷಿಗಳು. ವೈದ್ಯರು ಹತ್ತು ನಿಮಿಷ ಹೇಳಿದ್ದನ್ನು ನಾವು "ಏನೂ ಹೆದರಬೇಡ, ಒಂದು ಸಣ್ಣ ಆಪರೇಷನ್ ಅಂತೆ" ಎಂಬ ಒಂದು ವಾಕ್ಯಕ್ಕೆ ಇಳಿಸಿಬಿಡುತ್ತೇವೆ. ಪ್ರೀತಿಯಿಂದಲೇ ಇಳಿಸುತ್ತೇವೆ. ಆದರೆ ಹಾಗೆ ಇಳಿಸುವಾಗ ಬಿಟ್ಟುಹೋಗುವುದು ಬಹುಶಃ ಅವರ ಎರಡನೆಯ ದಾರಿ. ಆದ್ದರಿಂದ ಹೇಳಿದ್ದನ್ನೆಲ್ಲ ಹೇಳೋಣ. ಅವರು ಕೇಳುವುದನ್ನೆಲ್ಲ ಕೇಳೋಣ. ಉತ್ತರವನ್ನು ಅವರ ಬಾಯಿಂದಲೇ ಬರಲು ಬಿಡೋಣ.

ಎರಡನೆಯದು ಜಾಗ. ಮೂರು ವಾರವೆಂದರೆ ನಮ್ಮ ಮನೆಯ ನಡುಕೋಣೆಯಲ್ಲಿ ಹದಿನೈದು ಇಪ್ಪತ್ತು ರಾತ್ರಿ ಒಂದು ಹಾಸಿಗೆ. ಸಂಘದಲ್ಲಿ ರಾಜ್ಯೋತ್ಸವಕ್ಕೆ, ಯುಗಾದಿಗೆ, ನಾಟಕಕ್ಕೆ ಪಟ್ಟಿ ಮಾಡಿ ಚಂದಾ ಎತ್ತುವ ನಾವು, ಇಂಥ ರೋಗಿಗೆ ಮೂರು ವಾರ ಹಾಸಿಗೆ ಕೊಡಬಲ್ಲ ಮನೆಗಳ ಒಂದು ಪಟ್ಟಿಯನ್ನೂ ಮಾಡಬಹುದಲ್ಲವೇ? ಆಸ್ಪತ್ರೆಗೆ ಜೊತೆಯಲ್ಲಿ ಹೋಗಬಲ್ಲ, ಎರಡೂ ಭಾಷೆ ಬಲ್ಲ ಹೆಂಗಸರ ಹೆಸರುಗಳನ್ನೂ ಅದರಲ್ಲಿ ಸೇರಿಸಬಹುದು. ಸರ್ಕಾರ ತಾಲ್ಲೂಕಿಗೊಂದು ಯಂತ್ರ ತರುವ ದಿನಕ್ಕಾಗಿ ಒತ್ತಾಯಿಸೋಣ. ಅಲ್ಲಿಯವರೆಗೆ ದೂರವನ್ನು ಒಂದು ಹಾಸಿಗೆಯಷ್ಟಾದರೂ ಕಡಿಮೆ ಮಾಡೋಣ. ಆ ಪಟ್ಟಿ ಆಗುವುದಾದರೆ ಮೊದಲನೆಯ ಹೆಸರು ಬರೆಯಲು ಪೋರೂರಿನ ನಮ್ಮ ಮನೆ ಸಿದ್ಧವಾಗಿದೆ. ಈ ಬಾರಿ ನನ್ನ ಹೆಂಡತಿಯನ್ನು ಕೇಳಿಯೇ ಈ ಮಾತು ಬರೆದಿದ್ದೇನೆ.